ಡಿಮೆನ್ಷಿಯಾ ನೀತಿಯಲ್ಲಿ ನಮ್ಮ ಮಾತೂ ಇರಲಿ: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಆ ದಿನ ಅಪ್ಪಯ್ಯನಿಗೆ ಮೂವತ್ತಕ್ಕೆ ಒಂಬತ್ತು ಅಂಕ ಬಂತು.

ಮುಂಬಯಿಯ ಒಂದು ಆಸ್ಪತ್ರೆ. ನೆನಪಿನ ಪರೀಕ್ಷೆ ಮಾಡುತ್ತಿದ್ದ ಹುಡುಗಿ ತಾಳ್ಮೆಯವಳೇ. ಹಿಂದಿಯಲ್ಲಿ ಕೇಳಿದಳು, ಇದು ಯಾವ ತಿಂಗಳು ಬಾಬಾ ಅಂತ. ಅಪ್ಪಯ್ಯ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. "ಸೋಣೆ ತಿಂಗ್ಳ್ ಅಲ್ದಾ" ಅಂದರು. ನಾನು ಬಾಯಿ ಬಿಡುವಷ್ಟರಲ್ಲಿ ಅವಳು ಸೊನ್ನೆ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದಳು. ಅದು ಆಗಸ್ಟ್ ಕೊನೆಯ ವಾರ. ಕುಂದಾಪುರದ ಲೆಕ್ಕದಲ್ಲಿ ಸೋಣೆಯೇ.

ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಬಂದವರು ಅಪ್ಪಯ್ಯ. ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಕ್ಯಾಶ್ ಕೌಂಟರ್ ತನಕ ಬಂದವರು. ಐವತ್ತು ವರ್ಷ ಗಿರಾಕಿಗಳ ಹತ್ತಿರ ಹಿಂದಿ, ಮರಾಠಿ, ಗುಜರಾತಿ ಮಾತಾಡಿದವರು. ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಬಂದ ಮೇಲೆ ಆಮೇಲೆ ಕಲಿತ ಭಾಷೆಗಳು ಮೊದಲು ಹೋದವು. ಇದು ನಮ್ಮ ಮನೆಯೊಂದರ ಕತೆ ಅಲ್ಲ. ವಲಸೆ ಬಂದ ಎಷ್ಟೋ ಹಿರಿಯರಲ್ಲಿ ಹೀಗೇ ಆಗುತ್ತದೆ. ತಮಾಷೆ ನೋಡಿ, ಅದೇ ಭಾಷೆಗಳು ಅವರನ್ನು ಇಷ್ಟು ದಿನ ಕಾಪಾಡಿರಲೂಬಹುದು. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದಕ್ಕಿಂತ ಜಾಸ್ತಿ ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು.

ಆ ಸೊನ್ನೆಗೆ ಆ ಹುಡುಗಿಯನ್ನು ಬೈದು ಪ್ರಯೋಜನ ಇಲ್ಲ. ಬಂದವರನ್ನು ಅವರ ಭಾಷೆಯಲ್ಲೇ ಪರೀಕ್ಷಿಸಬೇಕು ಅಂತ ಅವಳಿಗೆ ಯಾರೂ ಬರೆದು ಕೊಟ್ಟಿರಲಿಲ್ಲ. ನೀತಿ ಅಂದರೆ ಕೊನೆಗೆ ಇಂಥ ಒಂದು ಸಾಲು, ಅಷ್ಟೇ. ಆ ಸಾಲನ್ನು ಬರೆಸುವುದು ಹೇಗೆ ಅಂತ ನಾಲ್ಕು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಹೆಜ್ಜೆ: ಶಬ್ದ ಸರಿಮಾಡಿಕೊಳ್ಳಿ

ಅರವತ್ತಕ್ಕೆ ಅರಳುಮರಳು ಅಂತ ನಾವೇ ಹೇಳುತ್ತಾ ಬೆಳೆದವರು. ಮರಾಠಿಯಲ್ಲಿ 'ಮ್ಹಾತಾರಚಳ' ಅನ್ನುತ್ತಾರೆ. ಎರಡರಲ್ಲೂ ಇರುವ ಅರ್ಥ ಒಂದೇ: ವಯಸ್ಸಾಯಿತು, ಬಿಡಿ. ವಯಸ್ಸಿನ ಸಹಜ ಸಂಗತಿ ಅಂದುಕೊಂಡರೆ ಸರಕಾರ ಯಾಕೆ ದುಡ್ಡು ಇಡುತ್ತದೆ? ಜಪಾನಿನವರು 2004ರಲ್ಲಿ ಸರಕಾರಿ ಕಾಗದಗಳಲ್ಲಿ ಈ ಕಾಯಿಲೆಯ ಹೆಸರನ್ನೇ ಬದಲಾಯಿಸಿದರು. ಹಳೆಯ ಶಬ್ದದಲ್ಲಿ ದಡ್ಡತನ ಅನ್ನುವ ಅರ್ಥ ಇತ್ತು. ಡಿಮೆನ್ಷಿಯಾಕ್ಕೇ ಅಂತ ಕಾನೂನು ಬಂದದ್ದು 2023ರಲ್ಲಿ. ಶಬ್ದದಿಂದ ಕಾನೂನಿಗೆ ಹೋಗಲು ಅವರಿಗೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಮರಾಠಿ ಅರ್ಜಿಯಲ್ಲಿ 'ಸ್ಮೃತಿಭ್ರಂಶ' ಅಂತ ಬರೆಯಿರಿ, ಪಕ್ಕದಲ್ಲಿ ಡಿಮೆನ್ಷಿಯಾ ಅಂತಲೂ ಹಾಕಿ. ಕ್ಲಾರ್ಕ್‌ಗೆ ಎರಡರಲ್ಲಿ ಒಂದು ಗೊತ್ತಿರುತ್ತದೆ. ಒಂದು ಅಂಕಿಯನ್ನೂ ಬಾಯಿಪಾಠ ಮಾಡಿಕೊಳ್ಳಿ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ.

ಎರಡನೇ ಹೆಜ್ಜೆ: ಕಾಯಿಲೆ ಇರುವವರನ್ನೇ ಕೇಳಿ

ನಾನು ಅತಿ ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಮೊದಲ ಅರ್ಜಿಯಲ್ಲಿ ಬರೀ ನನ್ನ ಗೋಳು ಬರೆದಿದ್ದೆ. ನಿದ್ದೆ ಇಲ್ಲ, ಬಾಯಿ (ಮನೆಗೆ ಬಂದು ನೋಡಿಕೊಳ್ಳುವ ಹೆಂಗಸು) ಸಿಗುವುದಿಲ್ಲ, ಡೈಪರ್ ದುಬಾರಿ. ಸುಳ್ಳಲ್ಲ. ಆದರೆ ಅದು ನೋಡಿಕೊಳ್ಳುವವಳ ಅರ್ಜಿ. ಅಪ್ಪಯ್ಯನಿಗೆ ಏನು ಬೇಕು ಅಂತ ಅವರನ್ನು ಕೇಳಿಯೇ ಇರಲಿಲ್ಲ.

ಸ್ಕಾಟ್‌ಲ್ಯಾಂಡಿನಲ್ಲಿ 2002ರಿಂದ ಡಿಮೆನ್ಷಿಯಾ ಇರುವವರೇ ನಡೆಸುವ ಒಂದು ಗುಂಪು ಇದೆ. ಅವರೇ ಮಂತ್ರಿಗಳ ಎದುರು ಕೂತು ಮಾತಾಡುತ್ತಾರೆ. ನಮ್ಮಲ್ಲಿ ಮಕ್ಕಳು, ಡಾಕ್ಟರು, ಸಂಘದ ಅಧ್ಯಕ್ಷರು ಮಾತಾಡುತ್ತಾರೆ. ಯಾರಿಗೆ ಕಾಯಿಲೆಯೋ ಅವರು ಮನೆಯಲ್ಲಿ ಟಿವಿ ಮುಂದೆ.

ಕೇಳುವುದಕ್ಕೆ ಒಂದು ಕ್ರಮ ಇದೆ. ಬೆಳಿಗ್ಗೆ, ತಿಂಡಿ ಆದ ಮೇಲೆ ಕೂತುಕೊಳ್ಳಿ. ಸಂಜೆ ಬೇಡ, ಆ ಹೊತ್ತಿಗೆ ಗೊಂದಲ ಜಾಸ್ತಿ. ಟಿವಿ ಆರಿಸಿ. ಅವರ ಮಾತೃಭಾಷೆಯಲ್ಲೇ ಕೇಳಿ. ತುಳುವಾದರೆ ತುಳು, ಕುಂದಾಪುರದ ಕನ್ನಡವಾದರೆ ಅದೇ. ಒಂದು ಸಲಕ್ಕೆ ಒಂದೇ ಪ್ರಶ್ನೆ. 'ನೆನಪಿದೆಯಾ' ಅಂತ ಮಾತ್ರ ಕೇಳಲೇಬೇಡಿ. ಅದು ಇನ್ನೊಂದು ಪರೀಕ್ಷೆ ಆಗುತ್ತದೆ. 'ಹೊರಗೆ ಹೋದಾಗ ಏನು ಕಷ್ಟ', 'ಯಾರ ಹತ್ತಿರ ಮಾತಾಡಲು ಇಷ್ಟ', 'ಏನು ಕಂಡರೆ ಸಿಟ್ಟು ಬರುತ್ತದೆ' ಅಂತ ಕೇಳಿ. ಉತ್ತರಕ್ಕೆ ಕಾಯಿರಿ. ನಿಮಗೆ ಜಾಸ್ತಿ ಅನ್ನಿಸುವಷ್ಟು ಕಾಯಿರಿ. ಅವರು ಹೇಳಿದ ಶಬ್ದಗಳನ್ನೇ ಬರೆದುಕೊಳ್ಳಿ, ತಿದ್ದಬೇಡಿ. ಕಾಲು ಗಂಟೆಗೆ ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಎರಡು ಸಲವೂ ಬಂದ ಮಾತು ಗಟ್ಟಿ ಮಾತು.

ಅಪ್ಪಯ್ಯ ಮೂರು ಸಲವೂ ಹೇಳಿದ್ದು ಒಂದೇ: "ಆ ಗೇಟಿನವ ನನ್ನ ಬೈತ." ನನ್ನ ಪಟ್ಟಿಯಲ್ಲಿ ಗೇಟು ಇರಲೇ ಇಲ್ಲ.

ಮಾತು ನಿಂತವರ ವಿಷಯ ಬೇರೆ. ಅವರು ಏನನ್ನು ತಳ್ಳುತ್ತಾರೆ, ಯಾವ ಹಾಡಿಗೆ ತಲೆ ಎತ್ತುತ್ತಾರೆ, ಯಾವ ಹೊತ್ತಿಗೆ ಬಾಗಿಲಿಗೆ ಹೋಗುತ್ತಾರೆ ಅಂತ ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಅದೂ ಅವರು ಹೇಳಿದ್ದೇ.

ಮೂರನೇ ಹೆಜ್ಜೆ: ಯಾವ ದೂರು ಯಾರ ಟೇಬಲಿಗೆ?

ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿ ಮುಖ್ಯಮಂತ್ರಿಗೆ ಕಳಿಸುವ ಚಟ ನಮ್ಮವರಿಗೆ ಇದೆ. ಅದು ಟೇಬಲಿನಿಂದ ಟೇಬಲಿಗೆ ತಿರುಗಿ ಎಲ್ಲೋ ಮಲಗುತ್ತದೆ. ನೋಟ್‌ಬುಕ್ ಬಿಚ್ಚಿ, ದೂರುಗಳನ್ನು ನಾಲ್ಕು ಕಡೆ ಹಂಚಿ.

ಮುಂಬಯಿಯಲ್ಲಿ ಅತಿ ಹತ್ತಿರದ ಸರಕಾರ ಅಂದರೆ ಹೌಸಿಂಗ್ ಸೊಸೈಟಿ. ನಗಬೇಡಿ. ಲಿಫ್ಟು, ಗೇಟು, ವಾಚ್‌ಮನ್, ಸಿಸಿಟಿವಿ ಎಲ್ಲ ಅವರ ಕೈಯಲ್ಲಿ. ಒಂದು ಬೆಳಿಗ್ಗೆ ಐದು ಗಂಟೆಗೆ ಅಪ್ಪಯ್ಯ ಇಸ್ತ್ರಿ ಶರ್ಟು ಹಾಕಿ, ಹೋಟೆಲಿನ ಶಟರ್ ತೆಗೆಯಬೇಕು ಅಂತ ಹೊರಟಿದ್ದರು. ಏಜೆನ್ಸಿಯಿಂದ ಹೊಸದಾಗಿ ಬಂದ ವಾಚ್‌ಮನ್ ಸಲಾಂ ಹೊಡೆದು ಬಿಟ್ಟ. ಮೂರು ಗಂಟೆ ಹುಡುಕಿದೆವು. ಅದಾದ ಮೇಲೆ ಅದೇ ವಾಚ್‌ಮನ್ ಅವರನ್ನು ಕಂಡಾಗಲೆಲ್ಲ ಗದರಿಸಿ ಒಳಗೆ ಕಳಿಸುತ್ತಿದ್ದ. ಗೇಟಿನವ ಬೈತ ಅಂದದ್ದು ಅದಕ್ಕೇ. ತಪ್ಪು ಅವನದ್ದೂ ಅಲ್ಲ. ಅವನಿಗೂ ಯಾರೂ ಏನೂ ಹೇಳಿರಲಿಲ್ಲ.

ಮಹಾರಾಷ್ಟ್ರದಲ್ಲಿ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು. ವಿಶ್ವ ಅಲ್ಜೈಮರ್ ದಿನ ಸೆಪ್ಟೆಂಬರ್ 21. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಾ? ಸಭೆಗೆ ಮೊದಲೇ ಸೆಕ್ರೆಟರಿಗೆ ಬರೆದು ಕೊಟ್ಟು ವಿಷಯವನ್ನು ಅಜೆಂಡಾದಲ್ಲಿ ಸೇರಿಸಿ. ನಮ್ಮ ನಿರ್ಣಯ ಎರಡೇ ಸಾಲು: 'ಡಿಮೆನ್ಷಿಯಾ ಇರುವ ನಿವಾಸಿ ಒಬ್ಬರೇ ಗೇಟಿಗೆ ಬಂದರೆ ವಾಚ್‌ಮನ್ ತಡೆಯದೆ, ಗದರಿಸದೆ, ಜೊತೆಯಲ್ಲಿ ಮಾತಾಡುತ್ತಾ ಮನೆಗೆ ಫೋನ್ ಮಾಡಬೇಕು. ಹೊಸ ವಾಚ್‌ಮನ್ ಬಂದ ಮೊದಲ ದಿನವೇ ಇದನ್ನು ಹೇಳಿಕೊಡಬೇಕು.' ಕ್ಯಾಬಿನ್‌ನಲ್ಲಿ ಫೋಟೋ ಇಡುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿ. ಅಪ್ಪಯ್ಯ ಒಪ್ಪಿದರು. ಆದರೆ ಫೋಟೋ ಅವರೇ ಆರಿಸಿದರು. ಕ್ಯಾಶ್ ಕೌಂಟರಿನಲ್ಲಿ ಕೂತದ್ದು, ಇಪ್ಪತ್ತು ವರ್ಷ ಹಳೆಯದು. ಗುರುತು ಹಿಡಿಯಲು ಪ್ರಯೋಜನ ಇಲ್ಲ ಅಂತ ಸೆಕ್ರೆಟರಿ ಗೊಣಗಿದರು. ಕೊನೆಗೆ ಎರಡು ಫೋಟೋ ಹಾಕಿದೆವು.

ಅದೇ ಕಾಗದದ ಕೆಳಗೆ ಎರಡು ನಂಬರು ಇರಲಿ: ಮುಂಬಯಿ ಪೊಲೀಸರ ಹಿರಿಯರ ಸಹಾಯವಾಣಿ 1090, ದೇಶದ ಎಲ್ಡರ್‌ಲೈನ್ 14567. ಯಾರಾದರೂ ಕಾಣೆಯಾದರೆ 24 ಗಂಟೆ ಕಾಯಿರಿ ಅಂತ ಯಾರೇ ಹೇಳಿದರೂ ಒಪ್ಪಬೇಡಿ. ಅಂಥ ನಿಯಮ ಇಲ್ಲ.

ಎರಡನೆಯ ಟೇಬಲ್ ಮಹಾನಗರಪಾಲಿಕೆಯ ವಾರ್ಡ್ ಆಫೀಸು. ಪಾರ್ಕಿನ ಬೆಂಚು, ಸಾರ್ವಜನಿಕ ಶೌಚಾಲಯದ ಬೋರ್ಡು, ಪಾಲಿಕೆಯ ದವಾಖಾನೆ, ಹಗಲು ಆರೈಕೆ ಕೇಂದ್ರಕ್ಕೆ ಜಾಗ, ಇವೆಲ್ಲ ಅಲ್ಲಿಗೆ. ಮಾಟುಂಗ, ವಡಾಲ, ಸಯನ್ ಕಡೆಯವರಾದರೆ ಎಫ್ ನಾರ್ತ್ ವಾರ್ಡು. ಬರೀ ಕಾರ್ಪೊರೇಟರ್‌ರನ್ನು ನಂಬಿ ಕೂರಬೇಡಿ. 2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಈ ಊರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ, ಅಡ್ಮಿನಿಸ್ಟ್ರೇಟರ್ ಆಳ್ವಿಕೆ ಇತ್ತು. ವಾರ್ಡಿನ ಅಸಿಸ್ಟೆಂಟ್ ಕಮಿಷನರ್‌ಗೆ ಯಾವಾಗಲೂ ಒಂದು ಪ್ರತಿ ಹೋಗಲಿ.

ಮೂರನೆಯದು ರಾಜ್ಯ. ಆಸ್ಪತ್ರೆಗಳಲ್ಲಿ ಪರೀಕ್ಷೆಯ ಭಾಷೆ, ನೋಡಿಕೊಳ್ಳುವವರಿಗೆ ತರಬೇತಿ, ಅಂಗವಿಕಲ ಪ್ರಮಾಣಪತ್ರ ಕೊಡುವ ರೀತಿ, ಇವು ಮಂತ್ರಾಲಯದ (ರಾಜ್ಯ ಸಚಿವಾಲಯದ) ಆರೋಗ್ಯ ಮತ್ತು ಸಾಮಾಜಿಕ ನ್ಯಾಯ ಇಲಾಖೆಗಳಿಗೆ ಸೇರಿದ್ದು. ರಾಜ್ಯ ಮನಸ್ಸು ಮಾಡಿದರೆ ಆಗುತ್ತದೆ. ಕೇರಳ 2014ರಲ್ಲೇ 'ಸ್ಮೃತಿಪಥಂ' ಅಂತ ತನ್ನದೇ ಡಿಮೆನ್ಷಿಯಾ ಯೋಜನೆ ಶುರುಮಾಡಿತು.

ನಾಲ್ಕನೆಯದು ಕೇಂದ್ರ. ಡಿಮೆನ್ಷಿಯಾಕ್ಕೇ ಅಂತ ಪ್ರತ್ಯೇಕ ರಾಷ್ಟ್ರೀಯ ಯೋಜನೆ ನಮ್ಮಲ್ಲಿ ಇನ್ನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಒಪ್ಪಿದ ಜಾಗತಿಕ ಕಾರ್ಯಯೋಜನೆಯಲ್ಲಿ ಎಲ್ಲ ದೇಶಗಳೂ ಇಂಥ ಯೋಜನೆ ಮಾಡಿ ಅಂತ ಇದೆ. ಅದರ ಅವಧಿ ಈಗ 2031ರ ತನಕ ಮುಂದೆ ಹೋಗಿದೆ. ಎಪ್ಪತ್ತು ದಾಟಿದವರಿಗೆಲ್ಲ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ ಐದು ಲಕ್ಷದ ಆಸ್ಪತ್ರೆ ಖರ್ಚು ಸಿಗುತ್ತದೆ. ಒಳ್ಳೆಯದೇ. ಆದರೆ ಡಿಮೆನ್ಷಿಯಾದ ಖರ್ಚು ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ. ಹನ್ನೆರಡು ಗಂಟೆ ಡ್ಯೂಟಿಯ ಬಾಯಿಯ ಸಂಬಳದಲ್ಲಿ. ಕೇಂದ್ರಕ್ಕೆ ಬರೆಯುವುದಾದರೆ ಈ ಮಾತು ಬರೆಯಿರಿ.

ನಾಲ್ಕನೇ ಹೆಜ್ಜೆ: ಕಾನೂನಿನಲ್ಲಿ ನಮಗೆ ಇರುವ ಕುರ್ಚಿ

ಇದು ತುಂಬಾ ಜನರಿಗೆ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯಾನದಲ್ಲೇ ನೆನಪಿನ ತೊಂದರೆಯೂ ಸೇರಿದೆ. ಅದೇ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಇರುವವರ ಅಥವಾ ಇದ್ದವರ ಪರವಾಗಿ ಇಬ್ಬರು, ನೋಡಿಕೊಳ್ಳುವವರ ಪರವಾಗಿ ಇಬ್ಬರು, ಸೇವಾ ಸಂಸ್ಥೆಗಳ ಪರವಾಗಿ ಇಬ್ಬರು ಇರಲೇಬೇಕು. ದಯೆಯಿಂದ ಕೊಡುವ ಜಾಗ ಅಲ್ಲ ಇದು. ಆ ಕುರ್ಚಿಗಳಲ್ಲಿ ಈಗ ಯಾರಿದ್ದಾರೆ, ಅವರಲ್ಲಿ ಡಿಮೆನ್ಷಿಯಾ ಬಗ್ಗೆ ಗೊತ್ತಿರುವವರು ಯಾರು ಅಂತ ಕೇಳಿ. ಖಾಲಿ ಇದ್ದರೆ ಅರ್ಜಿ ಹಾಕಿ.

ಅದೇ ಕಾಯ್ದೆಯಲ್ಲಿ ಇನ್ನೊಂದು ಉಪಕಾರ. ನನ್ನ ಚಿಕಿತ್ಸೆಯ ವಿಷಯದಲ್ಲಿ ನನಗೆ ನೆರವಾಗಲು ಇಂಥವರು ನಾಮನಿರ್ದೇಶಿತ ಪ್ರತಿನಿಧಿ ಅಂತ ಸಾದಾ ಕಾಗದದಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಬಹುದು. ಕಾಯಿಲೆ ಇನ್ನೂ ಮೊದಲ ಹಂತದಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತ್ರ ಸ್ವಲ್ಪ ಕಿರಿಕಿರಿ. ಅದರ 21 ಬಗೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಅನ್ನುವ ಹೆಸರು ಇಲ್ಲ. ಸಾಮಾನ್ಯವಾಗಿ ಮಾನಸಿಕ ಕಾಯಿಲೆಯ ವರ್ಗದಲ್ಲಿ ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ಆದಾಯ ತೆರಿಗೆಯ ನಿಯಮದಲ್ಲಿ ನೋಡಿದರೆ, ಹಳೆಯ ಪದ್ಧತಿಯಲ್ಲಿ ಚಿಕಿತ್ಸೆಯ ಖರ್ಚಿಗೆ ಸಿಗುತ್ತಿದ್ದ 80ಡಿಡಿಬಿ ವಿನಾಯಿತಿಯ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರು ಹಿಡಿದು ಇತ್ತು! ತೆರಿಗೆಯವರಿಗೆ ಕಂಡದ್ದು ಅಂಗವಿಕಲರ ಕಾಯ್ದೆಗೆ ಕಾಣಲಿಲ್ಲ. 'ಪಟ್ಟಿಗೆ ಹೆಸರು ಸೇರಿಸಿ' ಅನ್ನುವುದೇ ಒಂದು ಪೂರ್ತಿ ಬೇಡಿಕೆ.

ಐದನೇ ಹೆಜ್ಜೆ: ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ)

ಬೇಡಿಕೆ ಇಡುವ ಮೊದಲು ಈಗ ಏನಿದೆ ಅಂತ ಅವರ ಬಾಯಿಂದಲೇ ಹೇಳಿಸಿ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ಶುಲ್ಕ 10 ರೂಪಾಯಿ, ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೂ ನಡೆಯುತ್ತದೆ. ಆನ್‌ಲೈನ್ ದಾರಿಯೂ ಇದೆ. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಅಪೀಲು.

'ಯಾಕೆ' ಅಂತ ಕೇಳಬೇಡಿ. ಕಾಗದದಲ್ಲಿ ಇರುವುದನ್ನು ಕೇಳಿ. ನಮ್ಮ ಗುಂಪಿನ ಅರ್ಜಿ ಹೀಗಿತ್ತು: 'ಪಾಲಿಕೆಯ ಯಾವ ಯಾವ ಆಸ್ಪತ್ರೆಗಳಲ್ಲಿ ನೆನಪಿನ ಪರೀಕ್ಷೆ ನಡೆಯುತ್ತದೆ? ಪರೀಕ್ಷೆಯ ಹಾಳೆಗಳು ಯಾವ ಭಾಷೆಗಳಲ್ಲಿವೆ, ಪ್ರತಿ ಕೊಡಿ. ದುಭಾಷಿಯನ್ನು ಕರೆಸುವ ಬಗ್ಗೆ ಲಿಖಿತ ಸೂಚನೆ ಇದ್ದರೆ ಅದರ ಪ್ರತಿ ಕೊಡಿ.' ಮೂರು ಪ್ರಶ್ನೆ. 'ಮಾಹಿತಿ ಲಭ್ಯವಿಲ್ಲ' ಅಂತ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಆ ಎರಡು ಶಬ್ದವೇ ನಿಮ್ಮ ಮುಂದಿನ ಅರ್ಜಿಯ ಮೊದಲ ಸಾಲು.

ಕನ್ನಡದಲ್ಲಿ ಪರೀಕ್ಷೆಯೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ತಯಾರಿಸಿದ ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷೆಗಳು ಮೊದಲು ಬಂದ ಐದು ಭಾಷೆಗಳಲ್ಲೇ ಕನ್ನಡ ಇದೆ. ಹಿಂದಿ, ಬಂಗಾಳಿ, ತೆಲುಗು, ಮಲಯಾಳ ಉಳಿದ ನಾಲ್ಕು.

ಆರನೇ ಹೆಜ್ಜೆ: ಸಭೆ ಸೇರಿಸಿ, ಆದರೆ ನಮ್ಮ ಮಾಮೂಲಿ ಸಭೆ ಬೇಡ

ಜಾಗಕ್ಕೆ ನಮಗೆ ಬರ ಇಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಭವನ. ಜನ ಸೇರುವ ದಿನವೂ ಸಿದ್ಧವಾಗಿದೆ. ತುಳುವರ ಆಟಿ ತಿಂಗಳ ಕೂಟವಾದ ಆಟಿಡೊಂಜಿ ದಿನಕ್ಕೆ ಪತ್ರೊಡೆ ತಿನ್ನಲು ಬಂದವರ ಹತ್ತಿರ ಇಪ್ಪತ್ತು ನಿಮಿಷ ಕೇಳಿ, ಸಿಗುತ್ತದೆ.

ಆದರೆ ದೀಪ ಬೆಳಗಿಸಿ, ಶಾಲು ಹೊದೆಸಿ, ಏಳು ಜನ ಭಾಷಣ ಮಾಡಿದರೆ ಡಿಮೆನ್ಷಿಯಾ ಇರುವವರು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ನಾನೂ ಹೋಗುತ್ತೇನೆ ಬಿಡಿ. ಹದಿನೈದಕ್ಕಿಂತ ಜಾಸ್ತಿ ಜನ ಬೇಡ. ಅವರಲ್ಲಿ ಮೂವರಾದರೂ ಕಾಯಿಲೆ ಇರುವವರು ಇರಲಿ. ದುಂಡಗೆ ಕೂತುಕೊಳ್ಳಿ, ಮೈಕ್ ಬೇಡ. ಎಲ್ಲರ ಎದೆಯ ಮೇಲೆ ದೊಡ್ಡ ಅಕ್ಷರದ ಹೆಸರು ಚೀಟಿ ಇರಲಿ. ಆಗ ಮರೆಯುವವರು ಯಾರು ಅಂತ ಬೇರೆಯಾಗಿ ಕಾಣುವುದಿಲ್ಲ. ಶೌಚಾಲಯದ ಬಾಗಿಲಿಗೆ ಚಿತ್ರ ಅಂಟಿಸಿ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು ಸಾಕು. ಟ್ಯಾಕ್ಸಿ ಖರ್ಚನ್ನು ಸಂಘದವರು ಕೊಡಲಿ, ಯಾಕೆಂದರೆ ಈ ಹಿರಿಯರನ್ನು ದಾದರಿನ ಬ್ರಿಜ್ ಹತ್ತಿಸುವುದು ಆಗದ ಮಾತು. ನೋಡಿಕೊಳ್ಳುವ ಬಾಯಿಯನ್ನೂ ಮಾತಾಡಲು ಬಿಡಿ. ಮಕ್ಕಳಿಗಿಂತ ಅವಳಿಗೆ ಜಾಸ್ತಿ ಗೊತ್ತಿರುತ್ತದೆ.

ನಮ್ಮ ಮೊದಲ ಸಭೆಯಲ್ಲಿ ಒಬ್ಬರು ಅಜ್ಜಿ ಒಂದೇ ಮಾತು ಹೇಳಿದರು, ತುಳುವಿನಲ್ಲಿ. ಡಾಕ್ಟರು ನನ್ನ ಹತ್ತಿರ ಮಾತಾಡುವುದಿಲ್ಲ, ಮಗನ ಹತ್ತಿರ ಮಾತಾಡುತ್ತಾರೆ ಅಂತ. ಅದು ನಮ್ಮ ಎರಡನೆಯ ಬೇಡಿಕೆ ಆಯಿತು.

ಏಳನೇ ಹೆಜ್ಜೆ: ನಿವೇದನ ಬರೆಯುವುದು

ಇಲ್ಲಿ ಅರ್ಜಿಗೆ 'ನಿವೇದನ' ಅನ್ನುತ್ತಾರೆ. ಒಂದೇ ಪುಟ, ಒಂದೇ ಬೇಡಿಕೆ, ಮರಾಠಿಯಲ್ಲಿ. ಕನ್ನಡದ ಹಟ ಇಲ್ಲಿ ಬೇಡ. ನಾವು ಕೇಳುತ್ತಿರುವುದೇ ಎದುರಿನವರ ಭಾಷೆಯಲ್ಲಿ ಮಾತಾಡಿ ಅಂತ ಅಲ್ವಾ? ಮರಾಠಿ ಶಾಲೆಯಲ್ಲಿ ಓದಿದ ಮೊಮ್ಮಕ್ಕಳ ಕೈಯಲ್ಲಿ ಬರೆಸಿ. 'ನಮ್ಮವರಿಗೆ' ಅಂತ ಬರೆಯಬೇಡಿ. ಕನ್ನಡ, ತುಳು, ತಮಿಳು, ಗುಜರಾತಿ, ಭೋಜಪುರಿ ಆಡುವ ಎಲ್ಲ ಹಿರಿಯರಿಗೂ ಅಂತ ಬರೆಯಿರಿ. ಆಗ ಪಕ್ಕದ ಬಿಲ್ಡಿಂಗಿನ ಗುಜರಾತಿ ಕುಟುಂಬವೂ ಸಹಿ ಹಾಕುತ್ತದೆ.

ಮೊದಲ ಪ್ಯಾರಾದಲ್ಲಿ ಕಾಯಿಲೆ ಇರುವವರ ಮಾತು, ಅವರ ಶಬ್ದದಲ್ಲೇ. ನಾವು 'ಸೋಣೆ'ಯಿಂದ ಶುರುಮಾಡಿದೆವು. ಎರಡನೆಯದರಲ್ಲಿ ಆರ್‌ಟಿಐ ಉತ್ತರ. ಮೂರನೆಯದರಲ್ಲಿ ಬೇಡಿಕೆ, ಅದು ಆಗುವಂಥದ್ದು ಅನ್ನುವುದಕ್ಕೆ ಒಂದು ಸಾಕ್ಷಿ. ಮನೆಗೆ ಬಂದು ಸಹಾಯ ಮಾಡುವ ಕಾರ್ಯಕರ್ತರನ್ನು ಕೇಳುವುದಾದರೆ ಗೋವಾದ ಉದಾಹರಣೆ ಕೊಡಿ. ಅಲ್ಲಿ ಸ್ಥಳೀಯರಿಗೇ ತರಬೇತಿ ಕೊಟ್ಟು ಡಿಮೆನ್ಷಿಯಾ ಇರುವ ಮನೆಗಳಿಗೆ ಕಳಿಸಿದರು. ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು ಅಂತ 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಕೊಡುವ ಮೊದಲು ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಿ. ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದರು. "ಪೇಷಂಟ್ ಅಂದ್ರೆ ಯಾರು?" ಅಂದರು. ನೀವೇ ಅಪ್ಪಯ್ಯ ಅಂದೆ. "ನಾ ಕ್ಯಾಶಿಯರ್" ಅಂದರು. ಆ ಶಬ್ದ ಹೊಡೆದು ಹಾಕಿ 'ನಿವೃತ್ತ ಹೋಟೆಲ್ ಕ್ಯಾಶಿಯರ್' ಅಂತ ಬರೆದೆವು.

ಆಫೀಸಿನಲ್ಲಿ ಎರಡು ಪ್ರತಿ ಇರಲಿ. ಒಂದರ ಮೇಲೆ ಸೀಲು, ತಾರೀಕು, ಆವಕ ನಂಬರು (ಕಾಗದ ಬಂತು ಅನ್ನುವ ದಾಖಲೆಯ ಸಂಖ್ಯೆ) ಹಾಕಿಸಿಕೊಂಡೇ ಹೊರಗೆ ಬನ್ನಿ. ಸ್ವೀಕೃತಿ ಕೊಡಿ ಅನ್ನುವುದಕ್ಕೆ ಮರಾಠಿಯಲ್ಲಿ 'ಪೋಚ್ ದ್ಯಾ' ಅಂದರೆ ಸಾಕು, ಅರ್ಥವಾಗುತ್ತದೆ. ಪೋಚ್ ಇಲ್ಲದ ನಿವೇದನ ಕೊಟ್ಟ ಹಾಗೇ ಅಲ್ಲ.

ಎಂಟನೇ ಹೆಜ್ಜೆ: ಕ್ಯಾಲೆಂಡರ್ ನೋಡಿ

ಪಾಲಿಕೆಯ ಬಜೆಟ್ ಫೆಬ್ರವರಿಯ ಸುಮಾರಿಗೆ ಬರುತ್ತದೆ. ಹಣ ಬೇಕಾಗುವ ಬೇಡಿಕೆ ನವೆಂಬರ್, ಡಿಸೆಂಬರ್‌ನಲ್ಲೇ ಹೋಗಬೇಕು. ರಾಜ್ಯದ ಬಜೆಟ್ ಅಧಿವೇಶನ ಮಾರ್ಚ್ ಹೊತ್ತಿಗೆ ಮುಂಬಯಿಯಲ್ಲೇ ನಡೆಯುತ್ತದೆ. ನಿಮ್ಮ ಶಾಸಕರಿಗೆ ಅದಕ್ಕೆ ಮೊದಲೇ ಒಂದು ಪ್ರಶ್ನೆಯನ್ನು ಬರೆದೇ ಕೊಡಿ, ಸುಮ್ನೆ ವಿಷಯ ಹೇಳಿ ಬರಬೇಡಿ. ಪುಣೆಯಲ್ಲಿ ಇರುವವರಿಗೆ ಒಂದು ದಾರಿ ಜಾಸ್ತಿ. ಅಲ್ಲಿಯ ಪಾಲಿಕೆ 2006ರಲ್ಲೇ ನಾಗರಿಕರಿಂದ ಬಜೆಟ್‌ಗೆ ಕೆಲಸಗಳ ಸಲಹೆ ಪಡೆಯುವ ಪದ್ಧತಿ ಶುರುಮಾಡಿತು. ಬೆಂಚು, ಬೋರ್ಡು, ಹಿಡಿಕೆಯಂಥ ಸಣ್ಣ ಕೆಲಸಗಳಿಗೆ ಅದು ಚೆನ್ನಾಗಿದೆ.

ಕರಡು ನಿಯಮ ಬಂದಾಗ ಮರಾಠಿ ಪತ್ರಿಕೆಯ ಸರಕಾರಿ ನೋಟಿಸ್‌ನಲ್ಲಿ 'ಹರಕತಿ ವ ಸೂಚನಾ' ಅನ್ನುವ ಶಬ್ದ ಇರುತ್ತದೆ. ಆಕ್ಷೇಪ ಮತ್ತು ಸಲಹೆ ಕಳಿಸಿ ಅಂತ ಅರ್ಥ. ಕೇಂದ್ರದ ಕರಡುಗಳಿಗೆ ಕನಿಷ್ಠ 30 ದಿನ ಸಮಯ ಕೊಡಬೇಕು ಅಂತ 2014ರ ನೀತಿ ಇದೆ. ಅಷ್ಟು ದಿನದಲ್ಲಿ ಹೊಸದಾಗಿ ಸಭೆ ಕರೆಯಲು ಆಗುವುದಿಲ್ಲ. ನೋಟ್‌ಬುಕ್‌ನಲ್ಲಿ ಮಾತು ಮೊದಲೇ ಇರಬೇಕು.

ಒಂಬತ್ತನೇ ಹೆಜ್ಜೆ: ಫೈಲು

ಈ ಕೆಲಸ ನಿಲ್ಲುವುದು ಸರಕಾರದಿಂದ ಅಲ್ಲ, ಸುಸ್ತಿನಿಂದ. ನೋಡಿಕೊಳ್ಳುವವರು ರಾತ್ರಿ ನಿದ್ದೆ ಇಲ್ಲದೆ ಬೆಳಿಗ್ಗೆ ವಾರ್ಡ್ ಆಫೀಸಿಗೆ ಎಷ್ಟು ಸಲ ಹೋಗುತ್ತಾರೆ? ಅದಕ್ಕೇ ಪ್ರತಿ ಫೈಲಿಗೆ ಇಬ್ಬರು ಇರಲಿ. ಒಬ್ಬರು ಮನೆಯಲ್ಲಿ ಕಾಯಿಲೆ ಇರುವವರು ಇದ್ದವರು, ಇನ್ನೊಬ್ಬರು ಇಲ್ಲದವರು. ತಿಂಗಳಿಗೆ ಒಂದು ದಿನ ಗೊತ್ತುಮಾಡಿ. ಅವತ್ತು ಒಂದು ಫೋನು, ಒಂದು ಜ್ಞಾಪನಾ ಪತ್ರ, ಅಷ್ಟೇ. ಯಾವುದಾದರೂ ಕೆಲಸ ಆದರೆ, ಆ ಅಧಿಕಾರಿಗೆ ಥ್ಯಾಂಕ್ಸ್ ಪತ್ರ ಬರೆದು ಅದರ ಪ್ರತಿಯನ್ನು ಅವರ ಮೇಲಿನವರಿಗೆ ಕಳಿಸಿ. ಮುಂದಿನ ಸಲ ಅವರು ಕುರ್ಚಿ ಕೊಟ್ಟು ಕೂರಿಸುತ್ತಾರೆ.

ಅಪ್ಪಯ್ಯ ಹೋಗಿ ಒಂದು ವರ್ಷ ಆಯಿತು. ನಾನು ಎರಡು ತಿಂಗಳು ಫೈಲು ಮುಟ್ಟಲಿಲ್ಲ. ಈಗ ಅದು ಆ ತುಳು ಅಜ್ಜಿಯ ಸೊಸೆಯ ಹತ್ತಿರ ಇದೆ, ಇನ್ನೊಬ್ಬಳಾಗಿ ನಾನಿದ್ದೇನೆ. ನೀಲಿ ಬಣ್ಣದ ಫೈಲು. ಮೊದಲ ಹಾಳೆಯಲ್ಲಿ ಆವಕ ನಂಬರುಗಳು, ಎರಡನೆಯದರಲ್ಲಿ ಫೋನ್ ಎತ್ತುವ ಕ್ಲಾರ್ಕುಗಳ ಹೆಸರು. ಪರೀಕ್ಷೆಯ ಭಾಷೆಯ ಅರ್ಜಿಗೆ ಬಂದ ಕೊನೆಯ ಉತ್ತರ 'ವಿಚಾರಾಧೀನ'. ಮುಂದಿನ ಫೋನು ಬರುವ ಮಂಗಳವಾರ, ಹನ್ನೊಂದೂವರೆಗೆ. ಅದಕ್ಕಿಂತ ಮೊದಲು ಸಾಹೇಬರು ಬಂದಿರುವುದಿಲ್ಲ.